ಸಿನಿಮಾ ಹೇಗಿದೆ? ಕೇಳುವವರಿಗೂ ಹೇಳುವವರಿಗೂ ಒಂದು ಕೈಪಿಡಿ

“ಹೇಗಿದೆ ಸಿನಿಮಾ?”

“ಪರವಾಗಿಲ್ಲ, ಒಂದ್ಸಲ ನೋಡಬಹುದು.”

ಹೊಸ ಸಿನಿಮಾ ಬಂದಾಗಲೆಲ್ಲ ನಾವು ಆಡಿಕೊಳ್ಳುವ ಮಾತು ಇಷ್ಟೇ ಅಲ್ವಾ? ಕೇಳಿದವರಿಗೆ ಇದರಿಂದ ಏನು ಗೊತ್ತಾಯಿತು? ಸಿನಿಮಾ ನಿಧಾನವಾಗಿದೆಯಾ, ಜೋರಾಗಿದೆಯಾ, ನಗಿಸುತ್ತದಾ, ನಿದ್ದೆಗೆಡಿಸುತ್ತದಾ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ, ಒಂದೂ ತಿಳಿಯಲಿಲ್ಲ. ಆದರೂ ಆ ಒಂದು ಮಾತನ್ನು ನಂಬಿ ಇಡೀ ಸಂಜೆಯನ್ನು ಅದಕ್ಕೆ ಕೊಡುತ್ತೇವೆ. ಇಲ್ಲವೇ ನಮಗೆ ತುಂಬ ಹಿಡಿಸಬಹುದಾಗಿದ್ದ ಸಿನಿಮಾವನ್ನು ಸುಮ್ನೆ ಕೈಬಿಡುತ್ತೇವೆ.

ನಾನು ವಾರಕ್ಕೆ ಒಂದಾದರೂ ಹೊಸ ಸಿನಿಮಾ ನೋಡುತ್ತೇನೆ. ನೋಡಿ ಬಂದ ಮೇಲೆ ಫೋನ್ ಮಾಡಿ ವಿಚಾರಿಸುವವರೂ ಇದ್ದಾರೆ. ಇಷ್ಟು ವರ್ಷ ಹೀಗೆ ಕೇಳಿ, ಹೇಳಿ ನನಗೆ ಒಂದು ವಿಷಯ ಗಟ್ಟಿಯಾಗಿದೆ. ‘ಸಿನಿಮಾ ಚೆನ್ನಾಗಿದೆಯಾ’ ಅನ್ನುವುದು ಅರ್ಧ ಪ್ರಶ್ನೆ. ಯಾರಿಗೆ, ಯಾವ ದಿನ ಅನ್ನುವುದೂ ಸೇರಿದರೆ ಆಗ ಅದಕ್ಕೆ ಉತ್ತರ ಕೊಡಬಹುದು.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಬೇರೆಯವರನ್ನು ವಿಚಾರಿಸುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಯಾರ ಜೊತೆ ಹೋಗುತ್ತಿದ್ದೀರಿ? ಇವತ್ತು ಮನಸ್ಸು ಎಷ್ಟು ಹಗುರವಾಗಿದೆ? ದಿನವಿಡೀ ಕೆಲಸ ಮಾಡಿ ಸುಸ್ತಾದವರಿಗೆ ಎರಡು ಮುಕ್ಕಾಲು ಗಂಟೆಯ, ಮಾತೇ ಕಡಿಮೆ ಇರುವ ಸಿನಿಮಾ ಭಾರ ಅನಿಸುತ್ತದೆ, ಅದು ಎಷ್ಟೇ ಒಳ್ಳೆಯದಿರಲಿ. ಅದನ್ನೇ ರಜೆಯ ದಿನ ಬೆಳಗ್ಗೆ ನೋಡಿದರೆ ಅನುಭವವೇ ಬೇರೆ. ಅವಧಿ ಎಷ್ಟು ಅಂತ ತಪ್ಪದೆ ನೋಡಿ. ಚಿತ್ರಮಂದಿರದಲ್ಲಾದರೆ ಜಾಹೀರಾತು, ಟ್ರೇಲರ್ ಸೇರಿ ಅದಕ್ಕಿಂತ ಜಾಸ್ತಿ ಹೊತ್ತು ಕೂರಬೇಕು.

ಒಂದೇ ಟ್ರೇಲರ್ ಸಾಕು

1910ರ ದಶಕದಲ್ಲಿ ಟ್ರೇಲರ್ ಶುರುವಾದಾಗ ಅದನ್ನು ಸಿನಿಮಾ ಮುಗಿದ ಮೇಲೆ, ಬಾಲದ ಹಾಗೆ ತೋರಿಸುತ್ತಿದ್ದರು. ಆ ಹೆಸರು ಬಂದದ್ದು ಅದರಿಂದಲೇ. ಈಗ ಅದು ಸಿನಿಮಾಕ್ಕಿಂತ ಮುಂದೆ ಬಂದು ಕೂತಿದೆ, ಕೆಲಸ ಮಾತ್ರ ಅದೇ: ಟಿಕೆಟ್ ಮಾರುವುದು. ಬಹಳ ಸಲ ಅದನ್ನು ಕತ್ತರಿಸಿ ಜೋಡಿಸುವವರು ಪ್ರಚಾರಕ್ಕೆಂದೇ ಇರುವ ಬೇರೆ ತಂಡದವರು. ಹಾಗಾಗಿ ಟ್ರೇಲರ್ ಓಡುವ ವೇಗಕ್ಕೂ ಸಿನಿಮಾ ಓಡುವ ವೇಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಟ್ರೇಲರ್‌ನಲ್ಲಿ ಕಂಡ ದೃಶ್ಯ ಸಿನಿಮಾದಲ್ಲಿ ಇಲ್ಲದೇ ಹೋಗುವುದೂ ಉಂಟು.

ನಾನು ಮಾಡುವುದು ಹೀಗೆ. ಮೊದಲನೇ ಟ್ರೇಲರನ್ನು ಒಂದು ಸಲ ಪೂರ್ತಿ ನೋಡುತ್ತೇನೆ. ಆಮೇಲೆ ಸದ್ದು ತೆಗೆದು ಇನ್ನೊಂದು ಸಲ ನೋಡುತ್ತೇನೆ. ಹಿನ್ನೆಲೆ ಸಂಗೀತದ ಬಿಲ್ಡಪ್ ಹೋದ ಮೇಲೆ ಉಳಿಯುವುದು ಮುಖಗಳು, ಬೆಳಕು, ಜಾಗಗಳು. ಅವುಗಳಲ್ಲಿ ಒಂದಾದರೂ ಕಣ್ಣು ಹಿಡಿದು ನಿಲ್ಲಿಸಿತಾ? ನಿಲ್ಲಿಸಿದರೆ ಸಿನಿಮಾಕ್ಕೆ ಒಂದು ಅವಕಾಶ ಕೊಡಬಹುದು. ಎರಡನೇ, ಮೂರನೇ ಟ್ರೇಲರ್‌ಗಳ ತಂಟೆಗೆ ಹೋಗಬೇಡಿ. ಅಷ್ಟು ಹೊತ್ತಿಗೆ ಅರ್ಧ ಕಥೆ ಬಿಟ್ಟುಕೊಟ್ಟಿರುತ್ತಾರೆ.

ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಹಳ ಜನ ಎಡವುವುದು ಇಲ್ಲೇ.

ವಿಮರ್ಶಕರ ಅಭಿಪ್ರಾಯಗಳನ್ನು ಒಟ್ಟುಮಾಡಿ ತೋರಿಸುವ ರಾಟನ್ ಟೊಮ್ಯಾಟೋಸ್ ಎಂಬ ಜಾಲತಾಣ 1998ರಿಂದ ಇದೆ. ಅಲ್ಲಿ ಒಂದು ಸಿನಿಮಾಕ್ಕೆ ಶೇಕಡಾ 92 ಎಂದಿದ್ದರೆ ಅದಕ್ಕೆ ನೂರಕ್ಕೆ 92 ಅಂಕ ಬಂದಿದೆ ಅಂತ ನಾವು ತಿಳಿಯುತ್ತೇವೆ. ಅದು ತಪ್ಪು. ನೂರು ವಿಮರ್ಶಕರಲ್ಲಿ 92 ಜನರ ವಿಮರ್ಶೆ ಮೆಚ್ಚುಗೆಯ ಕಡೆಗಿದೆ ಅಂತ ಅದರ ಅರ್ಥ. ಎಷ್ಟು ಮೆಚ್ಚಿದರು ಅನ್ನುವುದು ಆ ಅಂಕಿಯಲ್ಲಿಲ್ಲ. ನೂರು ಜನ ಸೇರಿ ‘ಪರವಾಗಿಲ್ಲ, ಐದಕ್ಕೆ ಮೂರು ಕೊಡಬಹುದು’ ಎಂದರೂ ಅಲ್ಲಿ ಶೇಕಡಾ 100 ಬರುತ್ತದೆ. ಅರ್ಧ ಜನ ಹುಚ್ಚು ಹಿಡಿದ ಹಾಗೆ ಪ್ರೀತಿಸಿ, ಉಳಿದರ್ಧ ಜನ ಸಿಟ್ಟಾಗಿ ಎದ್ದು ಬಂದ ಸಿನಿಮಾಕ್ಕೆ ಬರುವುದು ಶೇಕಡಾ 50. ಆ ತಾಣದ ಲೆಕ್ಕದಲ್ಲಿ 60 ಮುಟ್ಟಿದರೆ ಟೊಮ್ಯಾಟೊ ತಾಜಾ, ಮುಟ್ಟದಿದ್ದರೆ ಕೊಳೆತದ್ದು. ಅಂದರೆ ಆ ಎರಡನೇ ಸಿನಿಮಾ ಕೊಳೆತದ್ದು. ನನ್ನ ಮಟ್ಟಿಗೆ ಇಂಥ ಜಗಳ ಹಚ್ಚುವ ಸಿನಿಮಾಗಳಲ್ಲೇ ನನಗೆ ಅತಿ ಪ್ರಿಯವಾದ ಕೆಲವು ಸಿಕ್ಕಿವೆ.

ಮೆಟಾಕ್ರಿಟಿಕ್ ಎಂಬ ಇನ್ನೊಂದು ತಾಣ ಬೇರೆ ದಾರಿ ಹಿಡಿಯುತ್ತದೆ. ಪ್ರತಿ ವಿಮರ್ಶೆಯನ್ನೂ ನೂರಕ್ಕೆ ಇಷ್ಟು ಅಂಕ ಅಂತ ಬದಲಾಯಿಸಿ, ಕೆಲವು ವಿಮರ್ಶಕರಿಗೆ ಹೆಚ್ಚು ತೂಕ ಕೊಟ್ಟು, ಸರಾಸರಿ ತೆಗೆಯುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುವುದು ಒಳ್ಳೆಯದು. ರಾಟನ್ ಟೊಮ್ಯಾಟೋಸ್‌ನಲ್ಲಿ 95, ಮೆಟಾಕ್ರಿಟಿಕ್‌ನಲ್ಲಿ 67 ಇದ್ದರೆ ಎಲ್ಲರಿಗೂ ಇಷ್ಟವಾಗಿದೆ, ಯಾರಿಗೂ ತೀರಾ ಹಚ್ಚಿಕೊಳ್ಳುವಷ್ಟು ಅಲ್ಲ ಎಂದರ್ಥ. ಮನೆಮಂದಿಯೆಲ್ಲ ಸೇರಿ ನೋಡುವುದಕ್ಕೆ ಅಂಥದ್ದು ಸರಿಹೋಗುತ್ತದೆ. ಒಂದು ಕಡೆ 75, ಇನ್ನೊಂದು ಕಡೆಯೂ 75 ಇದ್ದರೆ ಬೇಡ ಎಂದವರು ಕೆಲವರು, ಮೆಚ್ಚಿದವರು ಮಾತ್ರ ಜೋರಾಗಿಯೇ ಮೆಚ್ಚಿದ್ದಾರೆ. ಅಂಥದ್ದಕ್ಕೆ ಒಬ್ಬರೇ ಹೋಗಿ.

ಸಿನಿಮಾಗಳ ಮಾಹಿತಿ ಇರುವ ಐಎಂಡಿಬಿ ಜಾಲತಾಣದಲ್ಲಿ ಸಾಮಾನ್ಯ ಪ್ರೇಕ್ಷಕರು 1ರಿಂದ 10ರ ತನಕ ಅಂಕ ಕೊಡುತ್ತಾರೆ. ಅಲ್ಲಿ ದೊಡ್ಡದಾಗಿ ಕಾಣುವ ಸರಾಸರಿಯ ಮೇಲೆ ಒತ್ತಿದರೆ, ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆ ಎಂಬ ಕಂಬಗಳ ಚಿತ್ರ ತೆರೆದುಕೊಳ್ಳುತ್ತದೆ. ನೋಡಬೇಕಾದದ್ದು ಅದನ್ನು. 7, 8ರ ಸುತ್ತ ಗುಡ್ಡದ ಹಾಗೆ ಏರಿ ಇಳಿದಿದ್ದರೆ ಜನ ನಿಜವಾಗಿ ನೋಡಿ, ಯೋಚಿಸಿ ಕೊಟ್ಟ ಅಂಕ ಅದು. 10ರ ಹತ್ತಿರ ಒಂದು ಕಂಬ, 1ರ ಹತ್ತಿರ ಇನ್ನೊಂದು ಕಂಬ ನಿಂತಿದ್ದರೆ ಅಲ್ಲಿ ಅಭಿಮಾನಿಗಳಿಗೂ ವಿರೋಧಿಗಳಿಗೂ ಯುದ್ಧ ನಡೆದಿದೆ. ಆ ಸರಾಸರಿಯಿಂದ ನಿಮಗೇನೂ ಉಪಯೋಗವಿಲ್ಲ. ಇನ್ನೊಂದು ಮಾತು: ಬಿಡುಗಡೆಯಾದ ದಿನವೇ ಅಂಕ ಕೊಡುವವರು ಆ ಸಿನಿಮಾಕ್ಕಾಗಿ ಕಾದು ಕೂತಿದ್ದವರು. ಎರಡು ವಾರ ಕಳೆಯಲಿ, ಅಂಕಿ ತಾನಾಗಿಯೇ ನೆಲಕ್ಕಿಳಿಯುತ್ತದೆ.

ಅಮೆರಿಕದಲ್ಲಿ 1979ರಿಂದ ಸಿನೆಮಾಸ್ಕೋರ್ ಎಂಬ ಸಂಸ್ಥೆ ಮೊದಲ ದಿನದ ಪ್ರೇಕ್ಷಕರನ್ನು ಚಿತ್ರಮಂದಿರದಲ್ಲೇ ಕೇಳಿ ಎ ಪ್ಲಸ್‌ನಿಂದ ಎಫ್ ತನಕ ದರ್ಜೆ ಕೊಡುತ್ತದೆ. ಅಲ್ಲಿ ಕಡಿಮೆ ದರ್ಜೆ ಬಂತೆಂದರೆ ಸಿನಿಮಾ ಕೆಟ್ಟದಾಗಿದೆ ಅಂತಲೇ ಅಲ್ಲ. ಜನ ಏನನ್ನು ಬಯಸಿ ಬಂದಿದ್ದರೋ ಅದು ಸಿಗಲಿಲ್ಲ ಅಂತ. ಹೆದರಿಸುವ ಸಿನಿಮಾಗಳಿಗೆ ಅಲ್ಲಿ ಬಹಳ ಸಲ ಕಡಿಮೆ ದರ್ಜೆಯೇ ಬರುತ್ತದೆ.

ನಿಮ್ಮದೇ ಮೂವರನ್ನು ಹುಡುಕಿಕೊಳ್ಳಿ

ಎಷ್ಟೇ ಅಂಕಿ ಓದಿದರೂ, ರುಚಿ ಗೊತ್ತಿರುವ ಒಬ್ಬರ ಒಂದು ಮಾತಿಗೆ ಅದು ಸಮ ಬರುವುದಿಲ್ಲ. ಆ ಒಬ್ಬರು ವಿಮರ್ಶಕರಾಗಿರಬಹುದು, ಗೆಳತಿಯಾಗಿರಬಹುದು, ವಿಡಿಯೊದಲ್ಲಿ ಮಾತಾಡುವವರಾಗಿರಬಹುದು. ಅವರ ರುಚಿ ಏನು ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಹುಡುಕುವುದು ಹೇಗೆ? ನಿಮಗೆ ಪ್ರಾಣವಾದ ಐದು ಸಿನಿಮಾ, ಸಹಿಸಲಾಗದ ಐದು ಸಿನಿಮಾ ಬರೆದಿಟ್ಟುಕೊಳ್ಳಿ. ಆ ಹತ್ತರ ಬಗ್ಗೆ ಅವರು ಏನಂದಿದ್ದಾರೆ ನೋಡಿ. ಇಷ್ಟವಾದವುಗಳಿಗಿಂತ ಇಷ್ಟವಾಗದವುಗಳ ಬಗ್ಗೆ ಏನಂದರು ಅನ್ನುವುದು ಹೆಚ್ಚು ತಿಳಿಸುತ್ತದೆ. ಒಳ್ಳೆಯ ಸಿನಿಮಾವನ್ನು ಎಲ್ಲರೂ ಹೊಗಳುತ್ತಾರೆ. ನಿಮಗೆ ಬೋರ್ ಹೊಡೆಸಿದ್ದೇ ಅವರಿಗೂ ಬೋರ್ ಹೊಡೆಸಿದ್ದರೆ ಜೋಡಿ ಕೂಡಿತು ಎನ್ನಬಹುದು. ಬಂದ ಸಿನಿಮಾವನ್ನೆಲ್ಲ ಹೊಗಳುವವರಿದ್ದರೆ ಬಿಟ್ಟುಬಿಡಿ. ಅವರಿಂದ ನಿಮಗೆ ಸುದ್ದಿ ಸಿಗುತ್ತದೆ, ಸಲಹೆ ಸಿಗುವುದಿಲ್ಲ.

ಮೂವರಲ್ಲಿ ಒಬ್ಬರು ನಿಮಗೆ ಪೂರ್ತಿ ಉಲ್ಟಾ ಇರಲಿ. ನನಗೆ ನನ್ನ ಸೋದರಮಾವ ಇದ್ದಾರೆ. ಅವರಿಗೆ ಕಥೆ ಓಡುತ್ತಿರಬೇಕು, ಹತ್ತು ನಿಮಿಷಕ್ಕೊಂದು ಏನಾದರೂ ಆಗುತ್ತಿರಬೇಕು. ಒಂದು ಸಲ ಫೋನಿನಲ್ಲಿ ಅಂದರು: “ಏನೂ ಇಲ್ಲ ಮಾರಾಯ ಅದರಲ್ಲಿ. ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತು ಮಾತಾಡ್ತಾರೆ, ಮಾತಾಡ್ತಾರೆ, ಮಾತಾಡ್ತಾನೇ ಇರ್ತಾರೆ.” ನಾನು ಅವತ್ತೇ ರಾತ್ರಿ ಹೋಗಿ ನೋಡಿದೆ. ಆ ವರ್ಷ ನಾನು ನೋಡಿದ್ದರಲ್ಲೆಲ್ಲ ಅದೇ ಒಳ್ಳೆಯದು. ಮಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾರೆ. ಅದಕ್ಕೇ ನನಗೆ ಅವರ ಮಾತಿನ ಮೇಲೆ ಅಷ್ಟು ನಂಬಿಕೆ.

ವಿಮರ್ಶೆ ಓದುವುದಾದರೆ, ಸಿನಿಮಾ ನೋಡುವ ಮುಂಚೆ ಮೊದಲ ಪ್ಯಾರಾ, ಕೊನೆಯ ಪ್ಯಾರಾ ಮಾತ್ರ ಓದಿ. ಕಥೆ ನಡುವೆ ಇರುತ್ತದೆ. ಅದನ್ನು ನೋಡಿ ಬಂದ ಮೇಲೆ ಓದಿದರೆ ಒಳ್ಳೆಯ ವಿಮರ್ಶಕರ ಜೊತೆ ಕೂತು ಮಾತಾಡಿದ ಖುಷಿ ಸಿಗುತ್ತದೆ.

ಸರಿಯಾದ ಪ್ರಶ್ನೆ ಕೇಳಿ

ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ಕೆಲವು ವರ್ಷದ ಹಿಂದೆ ಗೆಳೆಯನೊಬ್ಬನನ್ನು ಒಂದು ಹೊಸ ಸಿನಿಮಾದ ಬಗ್ಗೆ ಕೇಳಿದೆ. “ಸಖತ್ತಾಗಿದೆ ಕಣೋ, ನಕ್ಕು ನಕ್ಕು ಸಾಕಾಯ್ತು. ಮನೆಯವರನ್ನೆಲ್ಲ ಕರ್ಕೊಂಡು ಹೋಗು” ಅಂದ. ಅಪ್ಪನನ್ನು ಕರೆದುಕೊಂಡು ಹೋದೆ. ಚಿಕ್ಕಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರಗಳಷ್ಟೂ ಅಪ್ಪ ಜೊತೆಗಿದ್ದರು.

ಸಿನಿಮಾ ನಿಜಕ್ಕೂ ನಗಿಸುವಂಥದ್ದೇ. ಆದರೆ ನಡುವಿನ ಅರ್ಧ ಗಂಟೆ ಪೂರ್ತಿ ಆಸ್ಪತ್ರೆಯ ಒಂದು ಕೋಣೆಯಲ್ಲಿ ನಡೆಯುತ್ತದೆ. ಮಂಚದ ಪಕ್ಕದ ಯಂತ್ರ ಬೀಪ್ ಬೀಪ್ ಅನ್ನುತ್ತಾ ಇತ್ತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ಏನೂ ಹೇಳದೆ ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಹೊರಗಿನ ಕುರ್ಚಿಯಲ್ಲಿ ಇಬ್ಬರೂ ಕೂತೆವು. ಮುಚ್ಚಿದ ಬಾಗಿಲಿನ ಆಚೆಯಿಂದ ಜನ ನಗುವ ಸದ್ದು ಕೇಳುತ್ತಿತ್ತು. “ನೀನು ಹೋಗಿ ನೋಡಪ್ಪಾ, ನಾನು ಇಲ್ಲೇ ಕೂತಿರ್ತೀನಿ” ಅಂದರು.

ಗೆಳೆಯನ ತಪ್ಪೇನೂ ಇಲ್ಲ, ಸಿನಿಮಾದ ತಪ್ಪೂ ಇಲ್ಲ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ. ಈಗ ಕೇಳುತ್ತೇನೆ: ಮನಸ್ಸಿಗೆ ಕಷ್ಟವಾಗುವಂಥದ್ದು ಏನಾದರೂ ಇದೆಯಾ, ಸಾವು, ಆಸ್ಪತ್ರೆ, ಮಕ್ಕಳ ಮೇಲೆ ಹಿಂಸೆ? ನೀನು ಯಾರ ಜೊತೆ ನೋಡಿದೆ? ಎಲ್ಲಿ ಗಡಿಯಾರ ನೋಡಿಕೊಂಡೆ? ಮಾರನೇ ದಿನ ಯಾವ ದೃಶ್ಯ ನೆನಪಿತ್ತು? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ‘ಚೆನ್ನಾಗಿದೆಯಾ’ ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ.

ಕೇಳಲು ಯಾರೂ ಇಲ್ಲದಿದ್ದರೆ ‘ಡಸ್ ದ ಡಾಗ್ ಡೈ’ ಎಂಬ ಜಾಲತಾಣ ಇದೆ. ನಾಯಿ ಸಾಯುತ್ತದಾ ಎಂಬ ಪ್ರಶ್ನೆಯದೇ ಹೆಸರು. ಅದರ ಜೊತೆಗೆ ಇಂಥ ಇನ್ನೂ ಬಹಳ ಪ್ರಶ್ನೆಗಳಿಗೆ ನೋಡಿದವರೇ ಹೌದು, ಇಲ್ಲ ಎಂದು ಉತ್ತರ ಕೊಟ್ಟಿರುತ್ತಾರೆ. ಐಎಂಡಿಬಿಯಲ್ಲೂ ಪೋಷಕರಿಗೆಂದು ಒಂದು ಭಾಗವಿದೆ. ಮಕ್ಕಳನ್ನು ಕರೆದೊಯ್ಯುವವರು ಸಿನಿಮಾಕ್ಕೆ ಕೊಟ್ಟಿರುವ ವಯಸ್ಸಿನ ಸರ್ಟಿಫಿಕೇಟ್ ಒಂದನ್ನೇ ನಂಬದೆ ಅದನ್ನೂ ಓದಿಕೊಳ್ಳಿ.

ದೊಡ್ಡ ಪರದೆಯೋ, ಮನೆಯೋ

ದೊಡ್ಡ ಹೊಡೆದಾಟದ ಸಿನಿಮಾವನ್ನು ಚಿತ್ರಮಂದಿರದಲ್ಲಿ ನೋಡಬೇಕು, ಸಣ್ಣ ಸಿನಿಮಾ ಓಟಿಟಿಗೆ ಬಂದಾಗ ನೋಡಿದರಾಯಿತು ಅನ್ನುವುದು ಎಲ್ಲರೂ ಹೇಳುವ ಮಾತು. ನಾನು ಪೂರ್ತಿ ಒಪ್ಪುವುದಿಲ್ಲ. ನಿಧಾನದ ಸಿನಿಮಾಕ್ಕೇ ಚಿತ್ರಮಂದಿರ ಜಾಸ್ತಿ ಬೇಕು. ಮನೆಯಲ್ಲಾದರೆ ಮೌನದ ದೃಶ್ಯ ಬಂದ ಕೂಡಲೇ ಕೈ ಫೋನಿಗೆ ಹೋಗುತ್ತದೆ. ಕತ್ತಲಲ್ಲಿ ಕೂತಾಗ ಆ ಮೌನ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಸ್ಯದ ಸಿನಿಮಾ, ಹೆದರಿಸುವ ಸಿನಿಮಾ ಕೂಡ ಜನರ ನಡುವೆ ಕೂತಾಗಲೇ ಚೆಂದ. ನಗು, ಭಯ ಎರಡೂ ಪಕ್ಕದ ಸೀಟಿನಿಂದ ಅಂಟುತ್ತವೆ.

ಮನೆಯಲ್ಲೇ ನೋಡುವುದಾದರೆ ಎರಡು ವಿಷಯ. ಬಹಳಷ್ಟು ಸಿನಿಮಾಗಳ ಚೌಕಟ್ಟಿನ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 2.39:1, ಟಿವಿಯದು 16:9. ಅದಕ್ಕೇ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಪರದೆಯ ಹೆಚ್ಚುಕಡಿಮೆ ಕಾಲು ಭಾಗ ಅದಕ್ಕೇ ಹೋಗುತ್ತದೆ. ಹೋಗಲಿ ಬಿಡಿ. ಜೂಮ್ ಮಾಡಿ ಪಟ್ಟಿ ತೆಗೆಯಲು ಹೋದರೆ ಎಡಬಲದ ಮುಖಗಳು ಕತ್ತರಿಸಿ ಹೋಗುತ್ತವೆ. ಎರಡನೆಯದು, ಟಿವಿಯ ಸೆಟ್ಟಿಂಗ್‌ನಲ್ಲಿ ‘ಮೋಷನ್ ಸ್ಮೂತಿಂಗ್’ ಅಥವಾ ಅಂಥದ್ದೇ ಹೆಸರಿನದು ಇದ್ದರೆ ಆಫ್ ಮಾಡಿ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ, ಓಡುತ್ತದೆ. ಟಿವಿ ನಡುವೆ ತಾನೇ ಚೌಕಟ್ಟು ಹುಟ್ಟಿಸಿ ತುರುಕಿದಾಗ ಎಂಥ ಸಿನಿಮಾವೂ ಧಾರಾವಾಹಿಯ ಹಾಗೆ ಕಾಣುತ್ತದೆ. ‘ಮೇಕಿಂಗ್ ಸರಿಯಿಲ್ಲ’ ಅಂತ ಬೈಯುವ ಮುಂಚೆ ಒಮ್ಮೆ ಇದನ್ನು ನೋಡಿಕೊಳ್ಳಿ.

ಈಗ ಹೇಳುವ ಸರದಿ ನಿಮ್ಮದು

ಒಂದು ರಾತ್ರಿ ಕಳೆಯಲಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾವುದೇ ಅನುಭವವನ್ನು ನೆನೆಯುವಾಗ ಮನಸ್ಸು ಅದರ ಅತಿ ತೀವ್ರವಾದ ಗಳಿಗೆಯನ್ನೂ ಕೊನೆಯನ್ನೂ ಹಿಡಿದುಕೊಂಡು ತೂಗುತ್ತದೆ, ನಡುವಿನದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಲೈಮ್ಯಾಕ್ಸ್ ಜೋರಾಗಿದ್ದರೆ ಒಂದು ಗಂಟೆ ಲ್ಯಾಗ್ ಹೊಡೆದದ್ದು ಮರೆತುಹೋಗುತ್ತದೆ. ಕೊನೆಯ ಐದು ನಿಮಿಷ ಕೆಟ್ಟರೆ ಎರಡು ಗಂಟೆಯ ಒಳ್ಳೆಯ ಕೆಲಸ ಮಣ್ಣುಪಾಲಾಗುತ್ತದೆ. ಬೆಳಗ್ಗೆ ಎದ್ದು, ನಡುವಿನ ಭಾಗವನ್ನು ಬೇಕೆಂದೇ ನೆನಪಿಸಿಕೊಂಡು ಹೇಳಿ.

ಹೇಳುವಾಗ ತೀರ್ಪು ಕಡಿಮೆ ಇರಲಿ, ಕಂಡದ್ದು ಜಾಸ್ತಿ ಇರಲಿ. ಒಂದು ಉದಾಹರಣೆ ಕೊಡುತ್ತೇನೆ, ಸಿನಿಮಾ ಊಹೆಯದು. “ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಡಲ್, ಆ್ಯಕ್ಟಿಂಗ್ ಚೆನ್ನಾಗಿದೆ, ಬಿಜಿಎಂ ಬೆಂಕಿ.” ಈ ಮಾತು ಯಾವ ಸಿನಿಮಾಕ್ಕೆ ಬೇಕಾದರೂ ಹೊಂದುತ್ತದೆ. ಈಗ ಇದನ್ನು ಕೇಳಿ: “ಕಳೆದುಹೋದ ತಮ್ಮನನ್ನು ಅಕ್ಕ ಹುಡುಕುವ ಕಥೆ. ಮೊದಲ ಇಪ್ಪತ್ತು ನಿಮಿಷ ಯಾರು ಯಾರು ಅಂತ ಗೊತ್ತಾಗೋದಿಲ್ಲ, ತಾಳ್ಮೆ ಬೇಕು. ಅವಳು ಅವನ ಹಳೇ ರೂಮಿನ ಬೀಗ ತೆಗೆಯೋ ದೃಶ್ಯದಿಂದ ನಾನು ಅಲ್ಲಾಡಲಿಲ್ಲ. ಅಕ್ಕನ ಪಾತ್ರ ಮಾಡಿದವರು ಒಂದು ಸಲವೂ ಅಳೋದಿಲ್ಲ, ನಮಗೇ ಅಳು ಬರುತ್ತೆ. ಕೊನೆಯಲ್ಲಿ ಎಲ್ಲವನ್ನೂ ಮಾತಲ್ಲಿ ಬಿಡಿಸಿ ಹೇಳ್ತಾರೆ, ಅದು ಬೇಕಿರಲಿಲ್ಲ. ಸದ್ದಿಲ್ಲದ ಸಿನಿಮಾ ಇಷ್ಟಪಡೋರು ಹೋಗಿ. ಪತ್ತೇದಾರಿ ಕಥೆ ಅಂದುಕೊಂಡು ಹೋದರೆ ನಿರಾಸೆ ಆಗುತ್ತೆ.” ಅರ್ಧ ನಿಮಿಷದ ಮಾತು. ನನಗೆ ಇಷ್ಟವಾದ ಸಿನಿಮಾ ಎಂದು ಇದರಿಂದ ಗೊತ್ತಾಗುತ್ತದೆ. ಇದು ತನಗೆ ಬೇಡ ಎಂದು ನಿರ್ಧರಿಸಲು ಕೇಳುವವರಿಗೆ ಬೇಕಾದದ್ದೂ ಇದರಲ್ಲೇ ಇದೆ.

ಇದರಲ್ಲಿ ನಾಲ್ಕು ಸಂಗತಿ ಇವೆ ನೋಡಿ: ಯಾವ ಬಗೆಯ ಕಥೆ, ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು, ಯಾರಿಗೆ ಹೊಂದುತ್ತದೆ. ಸ್ಟಾರ್ ಕೊಡುವ ಆಸೆ ಇದ್ದರೆ ಕೊನೆಗೆ ಕೊಡಿ, ಮೊದಲೇ ಬೇಡ. ಅಂಕಿ ಕೇಳಿದ ಮೇಲೆ ಯಾರೂ ಮಾತು ಕೇಳಿಸಿಕೊಳ್ಳುವುದಿಲ್ಲ.

ಬೈಯುವಾಗಲೂ ಕೆಲಸವನ್ನು ಬೈಯಿರಿ, ಮನುಷ್ಯರನ್ನು ಬೇಡ. ನಟಿಯ ಮೈಕಟ್ಟು, ನಟನ ವಯಸ್ಸು, ಅವರ ಮನೆ ವಿಚಾರ ಯಾವುದೂ ಸಿನಿಮಾ ನೋಡಬಹುದಾ ಎಂಬ ಪ್ರಶ್ನೆಗೆ ಉತ್ತರ ಅಲ್ಲ.

ಗುಟ್ಟು ಬಿಟ್ಟುಕೊಡಬೇಡಿ

1960ರಲ್ಲಿ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ‘ಸೈಕೋ’ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಿದ್ದರು. ಕೊನೆಯನ್ನು ಹೊರಗೆ ಹೇಳಬೇಡಿ ಎಂದು ನೋಡಿದವರನ್ನೂ ಕೇಳಿಕೊಂಡಿದ್ದರು. ನಾನು ಪಾಲಿಸುವ ಗಡಿ ಸರಳ: ಟ್ರೇಲರ್‌ನಲ್ಲಿ ಇರುವುದನ್ನು, ಮೊದಲ ಅರ್ಧ ಗಂಟೆಯಲ್ಲಿ ನಡೆಯುವುದನ್ನು ಹೇಳಬಹುದು. ‘ಕೊನೆಯಲ್ಲೊಂದು ಟ್ವಿಸ್ಟ್ ಇದೆ’ ಅನ್ನುವುದೂ ಸ್ಪಾಯ್ಲರೇ. ಅದನ್ನು ಕೇಳಿಸಿಕೊಂಡವರು ಇಡೀ ಸಿನಿಮಾ ಅದಕ್ಕಾಗಿಯೇ ಕಾಯುತ್ತಾ ಕೂರುತ್ತಾರೆ. ಅಪ್ಪನ ಹಾಗೆ ನೋವಾಗುವವರು ಕೇಳಿದರೆ ಮಾತ್ರ ಈ ಗಡಿ ದಾಟಿ, ಇರುವುದನ್ನು ಇದ್ದ ಹಾಗೆ ಹೇಳಿಬಿಡಿ.

ಬರೆದಿಡಿ, ಬದಲಾಯಿಸಿ

ಅದೇ ಹಿಚ್‌ಕಾಕ್ ಅವರ ‘ವರ್ಟಿಗೊ’ 1958ರಲ್ಲಿ ಬಂದಾಗ ವಿಮರ್ಶಕರು ಅರ್ಧ ಮನಸ್ಸಿನಿಂದ ಮಾತಾಡಿದ್ದರು. ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 2012ರ ಮತದಲ್ಲಿ ಅದೇ ಸಿನಿಮಾ ಎಲ್ಲಕ್ಕಿಂತ ಶ್ರೇಷ್ಠ ಎಂದು ಮೊದಲ ಸ್ಥಾನಕ್ಕೆ ಬಂತು. 2022ರಲ್ಲಿ ಎರಡನೆಯದಕ್ಕೆ ಇಳಿಯಿತು. ಸಿನಿಮಾದ ಒಂದು ಚೌಕಟ್ಟೂ ಬದಲಾಗಿರಲಿಲ್ಲ, ನೋಡುವ ಕಣ್ಣುಗಳು ಬದಲಾಗಿದ್ದವು.

ಒಂದು ಸಾದಾ ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲ್ ಬೇಕೆನ್ನುವವರಿಗೆ ನೋಡಿದ ಸಿನಿಮಾಗಳನ್ನು ಬರೆದಿಡುವುದಕ್ಕೆ ನ್ಯೂಜಿಲೆಂಡಿನಲ್ಲಿ 2011ರಲ್ಲಿ ಶುರುವಾದ ತಾಣ ಲೆಟರ್‌ಬಾಕ್ಸ್‌ಡ್ ಇದೆ. ದಿನಾಂಕ, ಎಲ್ಲಿ ನೋಡಿದ್ದು, ಯಾರ ಜೊತೆ, ಅವತ್ತು ಮನಸ್ಸು ಹೇಗಿತ್ತು, ಆಮೇಲೆ ಮೂರು ಸಾಲು. ನೋಟ್‌ಬುಕ್ ಆದರೆ ಆ ಮೂರು ಸಾಲಿನ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಿ, ಇನ್ನೊಂದು ಸಲ ನೋಡಿದಾಗ ಬರೆಯುವುದಕ್ಕೆ.